ಎಸಿ ಹಾಕಿದರೆ ಮಾತ್ರ ಬರುವ ಸದ್ದು

ಕಿವಿಯಕ್ಕನಿಗೆ ಆ ಹೆಸರು ಇಟ್ಟವನು ಅವಳ ಗಂಡ. ಮದುವೆಯಾದ ಹೊಸದರಲ್ಲಿ ಗಂಡನ ಗ್ಯಾರೇಜಿಗೆ ಊಟ ತಂದವಳು ಡಬ್ಬಿ ಕೆಳಗಿಡುವ ಮೊದಲೇ, "ಆ ಬಿಳಿ ಕಾರಿನೊಳಗೆ ಏನೋ ಹಲ್ಲು ಕಡೀತಿದೆಯಲ್ಲ" ಎಂದಿದ್ದಳಂತೆ. ಅಲ್ಲಿದ್ದ ಗಂಡಸರೆಲ್ಲ ಬೆಳಗಿನಿಂದ ಹುಡುಕುತ್ತಿದ್ದದ್ದು ಆ ಸದ್ದನ್ನೇ. ಗಂಡ ಬಿದ್ದು ಬಿದ್ದು ನಕ್ಕು, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟ. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದರೆ ಒಳಗಿನ ಒಂದೊಂದು ಭಾಗವೂ ತನ್ನದೇ ದನಿಯಲ್ಲಿ ಮಾತಾಡುತ್ತದೆ. ಕೆಲವರಿಗೆ ಅದು ಬರೀ ಗದ್ದಲ. ಅವಳಿಗೆ ಮಾತ್ರ ಯಾರು ಗೊಣಗುತ್ತಿದ್ದಾರೆ, ಯಾರು ಸುಮ್ಮನಿದ್ದಾರೆ ಎಂಬುದು ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಂದ ಮುಂದೆ ಊಟದ ಡಬ್ಬಿಯ ನೆಪವೂ ಬೇಕಾಗಲಿಲ್ಲ, ಅವಳೂ ಗ್ಯಾರೇಜಿನವಳಾದಳು.

ಗಂಡನ ಕೆಲಸದಲ್ಲೊಂದು ಅಚ್ಚುಕಟ್ಟಿತ್ತು. ಯಾವ ಭಾಗ ಬಿಚ್ಚಿದರೂ ಮೊದಲು ಒಂದು ರಟ್ಟಿನ ಮೇಲೆ ಅದರ ಚಿತ್ರ ಗೀಚುತ್ತಿದ್ದ. ಬೋಲ್ಟು ಎಲ್ಲಿಂದ ಬಂತೋ ಚಿತ್ರದ ಅದೇ ಜಾಗಕ್ಕೆ ತೂತು ಮಾಡಿ ಚುಚ್ಚಿಡುತ್ತಿದ್ದ. ಹೊರಬಂದ ಬೋಲ್ಟು ತನ್ನ ಮನೆಗೇ ವಾಪಸು ಹೋಗಬೇಕು ಅನ್ನುವುದು ಅವನ ಹಟ. ಅವನ ತಮ್ಮನಿಗೆ, ಅಂದರೆ ಕಿವಿಯಕ್ಕನ ಮೈದುನನಿಗೆ, ಇದೆಲ್ಲ ನಗೆಪಾಟಲು. "ಅಣ್ಣ ಕಸೂತಿ ಹಾಕ್ತಾ ಕೂತ್ಕೊಂಡ" ಎಂದು ಗಿರಾಕಿಗಳೆದುರೇ ಆಡಿಕೊಳ್ಳುತ್ತಿದ್ದ. ಅವನು ಬಿಚ್ಚಿದ ಬೋಲ್ಟುಗಳೆಲ್ಲ ಒಂದೇ ಡಬ್ಬಕ್ಕೆ ಬೀಳುತ್ತಿದ್ದವು. ಬೇಕಾದಾಗ ಕೈ ಹಾಕಿ ಸಿಕ್ಕಿದ್ದನ್ನು ತೆಗೆದು, "ಥ್ರೆಡ್ ಕೂತ್ರೆ ಸಾಕು, ಬೋಲ್ಟಿಗೇನು ಜಾತಕ ನೋಡ್ಬೇಕಾ?" ಎನ್ನುತ್ತಿದ್ದ.

ಗಂಡ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಅತ್ತಿಗೆ ಮೈದುನ ಇಬ್ಬರೂ ಗ್ಯಾರೇಜು ನಡೆಸಿದರು. ಆಗ ಬಂದದ್ದು ಡ್ರೈವಿಂಗ್ ಸ್ಕೂಲು ನಡೆಸುವವರೊಬ್ಬರ ಕಾರು. ಹೊಸ ಎಸಿ ಕಂಪ್ರೆಸರ್ ಕೂರಿಸಬೇಕಿತ್ತು. ಎಂಜಿನ್ನಿನ ಮಗ್ಗುಲಿಗೆ ಬೋಲ್ಟು ಬಿಗಿದು ಕೂರಿಸುವ ಗುಂಡನೆಯ ಪಂಪು ಅದು. ಎಸಿ ಹಾಕಿದಾಗ ಬೆಲ್ಟಿನ ಎಳೆತಕ್ಕೆ ಸಿಕ್ಕಿ ದುಡಿಯುತ್ತದೆ, ಇಲ್ಲದಿದ್ದರೆ ಆರಾಮಾಗಿರುತ್ತದೆ. ಕಿವಿಯಕ್ಕ ಅದನ್ನು ಕೂರಿಸಿ, ಗಂಡನಂತೆಯೇ ರಟ್ಟಿಗೆ ಚುಚ್ಚಿಟ್ಟಿದ್ದ ಬೋಲ್ಟುಗಳನ್ನು ಬಿಗಿ ಮಾಡಿದಳು. ಅಷ್ಟರಲ್ಲಿ ಅತ್ತೆ ಕರೆದರೆಂದು ಗ್ಯಾರೇಜಿನ ಹಿಂದಿದ್ದ ಮನೆಗೆ ಹೋದಳು. ಬೆಲ್ಟು ಹಾಕಿ ಕಾರನ್ನು ಕಳಿಸಿದವನು ಮೈದುನ.

ಕೆಲವೇ ದಿನಗಳಲ್ಲಿ ಆ ಕಂಪ್ರೆಸರ್ ಸಡಿಲಾಗಿ ಕಿತ್ತುಬಂತು. ಬೆಲ್ಟು ಹರಿದು ಕಾರು ನಡುರಸ್ತೆಯಲ್ಲಿ ನಿಂತಿತು. ಸ್ಟಿಯರಿಂಗ್ ಹಿಡಿದಿದ್ದವಳು ಅಂದೇ ಮೊದಲ ಸಲ ರಸ್ತೆಗಿಳಿದ ಹುಡುಗಿ, ಹಿಂದೆ ಲಾರಿ. ಲಾರಿಯವನು ಪುಣ್ಯಾತ್ಮ, ಬ್ರೇಕು ಹಾಕಿದ. ಡ್ರೈವಿಂಗ್ ಸ್ಕೂಲಿನವರು ಉರಿದುಕೊಂಡು ಗ್ಯಾರೇಜಿಗೆ ಬಂದಾಗ ಮೈದುನ ಕಿವಿಯಕ್ಕನತ್ತ ಬೆರಳು ತೋರಿಸಿ, "ಅತ್ತಿಗೆ ಮಾಡಿದ್ದು ಸಾರ್. ಹೆಂಗಸರ ಕೈ, ಬಿಗಿ ಸಾಲಲಿಲ್ಲ" ಎಂದ.

ಬಿಗಿ ಸಾಲಲಿಲ್ಲ. ಅಷ್ಟೇ ಮಾತು. ಡ್ರೈವಿಂಗ್ ಸ್ಕೂಲಿನವರಿಗೆ ಬಾಯಿಗೆ ಬ್ರೇಕಿಲ್ಲ. ಕಲಿಯಲು ಬಂದವರಿಗೆಲ್ಲ ಕ್ಲಚ್ಚು ಹೇಳಿಕೊಡುವ ಮೊದಲು ಈ ಕಥೆ ಹೇಳಿದರು. ಒಬ್ಬೊಬ್ಬರೇ ಗಿರಾಕಿಗಳು ಬಂದು, "ಕೆಲಸ ನಿಮ್ಮ ಮೈದುನ ಮಾಡ್ತಾರೆ ತಾನೇ?" ಎಂದು ಕೇಳತೊಡಗಿದರು. ಕೊನೆಗೆ ಮೈದುನನೇ ಬಹಳ ವಿನಯದಿಂದ, "ಅತ್ತಿಗೆ, ನೀವು ಮನೇಲಿದ್ಬಿಡಿ" ಎಂದ. ಅವಳು ಗಂಡನ ಸ್ಕ್ರೂಡ್ರೈವರ್ ಎತ್ತಿಕೊಂಡು ಹೊರಬಿದ್ದಳು. ರೈಲ್ವೆ ಗೋಡೆಯ ಪಕ್ಕ ಒಂದು ತಗಡಿನ ಶೆಡ್ ಹಿಡಿದು, ಅದರ ಒಳಕೋಣೆಯಲ್ಲೇ ಇದ್ದುಕೊಂಡು, ಬೇರೆಯವರು ಮುಟ್ಟದ ಲಡಾಸು ವ್ಯಾನುಗಳನ್ನು ರಿಪೇರಿ ಮಾಡುತ್ತಾ ಉಳಿದಳು.

ಅವಳೊಂದಿಗೆ ಹೊರಟುಬಂದವರು ಅತ್ತೆ ಮಾತ್ರ. ಹೆತ್ತ ಮಗನ ಮನೆ ಬಿಟ್ಟು ಸೊಸೆಯ ಹಿಂದೆ ಬಂದ ಆ ಹೆಂಗಸನ್ನು ನೋಡಿ ಕಿವಿಯಕ್ಕನ ಕಣ್ಣು ತುಂಬಿತ್ತು. ಇಡೀ ಲೋಕ ಬೆನ್ನು ತಿರುಗಿಸಿದಾಗ ಇವರೊಬ್ಬರು ತನ್ನ ಕೈಯನ್ನು ನಂಬಿದರು ಅಂದುಕೊಂಡಳು. ಅವತ್ತಿನಿಂದ ಒಲೆಯ ಮೇಲಿಂದಿಳಿದ ಕಾಫಿಯ ಮೊದಲ ಲೋಟ ಅತ್ತೆಗೆ, ಫ್ಯಾನಿನ ಕೆಳಗಿನ ಮಂಚ ಅತ್ತೆಗೆ.

ಆದರೆ ಒಳಗೊಂದು ಹುಳು ಕೊರೆಯುತ್ತಲೇ ಇತ್ತು. ನಿಜವಾಗಿಯೂ ಬಿಗಿ ಸಾಲದೆ ಹೋಯಿತೇ? ಕಿತ್ತುಬಂದ ಭಾಗಗಳನ್ನು ಅವಳು ನೋಡುವ ಮೊದಲೇ ಮೈದುನ ಗುಜರಿಗೆ ಹಾಕಿದ್ದ. ಆ ಹುಡುಗಿ, ಆ ಲಾರಿ ನೆನಪಿನಿಂದ ಹೋಗುತ್ತಿರಲಿಲ್ಲ. ಗಿರಾಕಿ ಕಾರು ಸ್ಟಾರ್ಟ್ ಮಾಡಿ ಹೊರಟ ಮೇಲೂ ಹಿಂದೆ ಓಡಿಹೋಗಿ, ಬಾನೆಟ್ ಎತ್ತಿಸಿ, ಬೋಲ್ಟು ತಿರುಗಿಸುವ ಪಾನಾ ಹಾಕಿ ಮತ್ತೊಮ್ಮೆ ನೋಡುತ್ತಿದ್ದಳು. ಮೈದುನನ ಮೇಲೆ ಅವಳಿಗಿದ್ದ ದ್ವೇಷಕ್ಕೆ ಇದೇ ಮೂಲ. ಗ್ಯಾರೇಜು ಹೋದದ್ದು ಹಾಗಿರಲಿ, ತನ್ನ ಕೈಯ ಮೇಲೆ ತನಗೇ ನಂಬಿಕೆ ಇಲ್ಲದ ಹಾಗೆ ಮಾಡಿದ್ದನಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮೈದುನನ ಕಾರೇ ಶೆಡ್ಡಿನ ಮುಂದೆ ಬಂದು ನಿಂತಿತು. ನಿಲ್ಲುವ ಮೊದಲೇ ಅದರ ಗರಗರ ಸದ್ದು ಅವಳ ಕಿವಿ ಮುಟ್ಟಿತ್ತು. ಮೈದುನನ ಗ್ಯಾರೇಜಿನ ಬೋರ್ಡಿನಲ್ಲಿ 'ಎಸಿ ಕೆಲಸಕ್ಕೆ ಎತ್ತಿದ ಕೈ' ಎಂದು ಬರೆದಿತ್ತು. ಆ ಎತ್ತಿದ ಕೈಯ ಸ್ವಂತ ಕಾರು ಎಸಿ ಹಾಕಿದ ಕೂಡಲೇ ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಬೇರೆ ಗ್ಯಾರೇಜಿಗೆ ಒಯ್ದರೆ ಮಾನ ಮೂರುಕಾಸಾಗುತ್ತದೆ. ಅತ್ತಿಗೆಯ ಶೆಡ್ಡಾದರೆ ನೋಡುವವರಿಲ್ಲ. ಅದಕ್ಕೇ ಅಮ್ಮನ ಕೈಲಿ ಮೊದಲೇ ಹೇಳಿಸಿಟ್ಟಿದ್ದ.

"ಏನೋ ಸದ್ದಂತೆ ಕಣಮ್ಮ, ಸ್ವಲ್ಪ ನೋಡಿಬಿಡು" ಎಂದು ಅತ್ತೆ ಹಿಂದಿನ ದಿನವೇ ಗೋಗರೆದಿದ್ದರು.

ಮೈದುನ ಕಾರಿನಿಂದಿಳಿದು ನೆಲ ನೋಡುತ್ತಾ, "ಕಂಪ್ರೆಸರ್ ಹೊಸದು ಹಾಕಾಯ್ತು, ಬೆಲ್ಟೂ ಬದಲಾಯಿಸ್ದೆ. ಎಸಿ ಆಫ್ ಮಾಡಿದ್ರೆ ಸುಮ್ನಾಗತ್ತೆ. ಹಾಕಿದ್ರೆ ಮತ್ತೆ ಶುರು" ಎಂದ.

"ಸಾಯಂಕಾಲ ಬಾ" ಎಂದಳು ಕಿವಿಯಕ್ಕ. ಅವನ ಮುಖ ನೋಡಲಿಲ್ಲ.

ಅವನು ಆ ಕಡೆ ಹೋದ ಮೇಲೆ ಅವಳು ಬಾನೆಟ್ ಎತ್ತಿದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಒಳ್ಳೆಯ ವಿಚಾರವಲ್ಲ. ಸದ್ದು ಹೋಗದ ಹಾಗೆ ಮಾಡಿ ಕಳಿಸಲೇ, ಇಲ್ಲ ಇನ್ನಷ್ಟು ಜೋರು ಮಾಡಿ ಕಳಿಸಲೇ ಎಂಬ ಲೆಕ್ಕಾಚಾರವೇ ನಡೆದಿತ್ತು. ಆದರೆ ಕಿವಿ ಅವಳ ಮಾತು ಕೇಳುವುದಿಲ್ಲ, ತನ್ನ ಪಾಡಿಗೆ ಹುಡುಕಲು ಶುರುಮಾಡಿತ್ತು. ಬೆಲ್ಟಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿದಳು. ಬೆಲ್ಟಿನದ್ದೇ ತಪ್ಪಾಗಿದ್ದರೆ ನೀರು ಬಿದ್ದಾಗ ಸದ್ದು ಬದಲಾಗಬೇಕು. ಆಗಲಿಲ್ಲ. ಸ್ಕ್ರೂಡ್ರೈವರನ್ನು ಕಂಪ್ರೆಸರಿಗೆ ಒತ್ತಿ ಮೈಯೆಲ್ಲ ಕಿವಿಯಾಗಿ ನಿಂತಳು. ಒಳಗೆಲ್ಲ ನಯವಾಗಿ ಗುನುಗುತ್ತಿತ್ತು, ಹೊಸದಲ್ಲವೇ. ಆದರೆ ಅದರ ಬುಡದಲ್ಲಿ, ಎಂಜಿನ್ನಿಗೆ ಅಂಟುವ ಜಾಗದಲ್ಲಿ, ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು.

ಪಾನಾ ಹಾಕಿ ನೋಡಿದಳು. ಬೋಲ್ಟುಗಳೆಲ್ಲ ಬಿಗಿ. ಜಪ್ಪಯ್ಯ ಎಂದರೂ ತಿರುಗಲಿಲ್ಲ. ಮತ್ತೆ ಎಂಜಿನ್ ಚಾಲು ಮಾಡಿ, ಎಸಿ ಹಾಕಿ, ಕಂಪ್ರೆಸರಿನ ಕಾಲು ಎಂಜಿನ್ನಿಗೆ ಕೂಡುವ ಸಂದಿನ ಮೇಲೆ ಬೆರಳಿಟ್ಟಳು. ಬೆರಳಿನ ಅಡಿಯಲ್ಲಿ ಅದು ಅಲುಗುತ್ತಿತ್ತು. ಬೋಲ್ಟು ಬಿಗಿ, ಕಂಪ್ರೆಸರ್ ಸಡಿಲ. ಇದೆಂಥ ವಿಚಿತ್ರ ಎಂದು ಎಂಜಿನ್ ನಿಲ್ಲಿಸಿ ಒಂದು ಬೋಲ್ಟು ಬಿಚ್ಚಿ ಅಂಗೈ ಮೇಲಿಟ್ಟುಕೊಂಡಳು. ತನ್ನಲ್ಲಿದ್ದ ಸರಿಯಾದ ಬೋಲ್ಟನ್ನು ತಂದು ಪಕ್ಕದಲ್ಲಿಟ್ಟಳು.

ಇದು ಉದ್ದ. ಹೆಚ್ಚೇನಲ್ಲ, ಒಂದು ಉಗುರಿನಷ್ಟು. ಎಂಜಿನ್ನಿನ ಆ ತೂತಿಗೆ ಆಚೆ ಬಾಯಿಲ್ಲ. ಉದ್ದದ ಬೋಲ್ಟು ಹಾಕಿದರೆ ಅದರ ಮೂತಿ ತೂತಿನ ತಳಕ್ಕೆ ಹೋಗಿ ಗುದ್ದಿ ಅಲ್ಲೇ ನಿಲ್ಲುತ್ತದೆ. ಪಾನಾ ಹಿಡಿದ ಕೈಗೆ ಭರ್ಜರಿ ಬಿಗಿಯಾದಂತೆ ತೋರುತ್ತದೆ. ತಲೆ ಮಾತ್ರ ಕಂಪ್ರೆಸರನ್ನು ಒತ್ತಿ ಹಿಡಿದಿರುವುದಿಲ್ಲ. ಡಬ್ಬದಲ್ಲಿ ಕೈ ಹಾಕಿ ಸಿಕ್ಕಿದ್ದನ್ನು ತುರುಕುವವನ ಕೆಲಸ ಹೀಗೇ ಇರುತ್ತದೆ. ಎಷ್ಟು ಬಲವಾಗಿ ಬಿಗಿದರೂ ಇಂದಲ್ಲ ನಾಳೆ ಕಿತ್ತು ಬರುತ್ತದೆ.

ಕಿತ್ತು ಬರುತ್ತದೆ ಎಂದುಕೊಂಡವಳು ಹಾಗೇ ಕೆಳಗೆ ಕುಳಿತುಬಿಟ್ಟಳು. ಡ್ರೈವಿಂಗ್ ಸ್ಕೂಲಿನ ಕಾರಿನದ್ದೂ ಹೀಗೇ ಕಿತ್ತುಬಂದಿತ್ತಲ್ಲ. ಆಮೇಲೆ ಎದ್ದು ಕೈ ಒರೆಸಿಕೊಂಡು ಡ್ರೈವಿಂಗ್ ಸ್ಕೂಲಿನವರಿಗೆ ಫೋನು ಮಾಡಿದಳು. ಅವರು ಆ ಕಿತ್ತುಬಂದ ಕಂಪ್ರೆಸರಿನ ಕಥೆ ಹೇಳುವುದನ್ನು ಇನ್ನೂ ಬಿಟ್ಟಿರಲಿಲ್ಲ.

"ಸಾರ್, ಸಾಯಂಕಾಲ ಶೆಡ್ಡಿಗೆ ಬನ್ನಿ. ನಿಮ್ಮ ಕಥೆಗೆ ಒಂದು ತುಂಡು ಕಡಿಮೆ ಬಿದ್ದಿದೆ, ಕೊಡ್ತೀನಿ."

ಸಾಯಂಕಾಲ ಮೈದುನ ಬಂದಾಗ ಡ್ರೈವಿಂಗ್ ಸ್ಕೂಲಿನವರು ಆಗಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಾಗಿಲ ಪಕ್ಕದ ಬೆಂಚಿನಲ್ಲಿ ಅತ್ತೆ ಹಳೆಯ ಬಟ್ಟೆ ಹರಿದು ಒರೆಸುವ ಚಿಂದಿ ಮಾಡುತ್ತಿದ್ದರು. ಮೈದುನನ ಮುಖ ಹುಳ್ಳಗಾಯಿತು. ಆದರೂ ಗಿರಾಕಿಯೆದುರು ಎದೆ ಸೆಟೆಸಿದ. ಕಿವಿಯಕ್ಕ ಬಿಚ್ಚಿದ ಬೋಲ್ಟನ್ನು ಮತ್ತೆ ಮೊದಲಿನಂತೆಯೇ ಕೂರಿಸಿಟ್ಟಿದ್ದಳು.

"ಈ ಕಂಪ್ರೆಸರ್ ಕೂರಿಸಿದ್ದು ಯಾರು? ನಿನ್ನ ಕೆಲಸದವರಾ?" ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದಳು.

"ಕೆಲಸದವರ ಕೈಗೆ ಇದನ್ನೆಲ್ಲ ಕೊಡ್ತೀನಾ? ನನ್ನದೇ ಕೈ. ಎಸಿ ಕೆಲಸ ಅಂದ್ರೆ ಮೊದಲಿಂದ್ಲೂ ಪಾನಾ ನಾನೇ ಹಿಡಿಯೋದು."

"ಬಿಗಿ ಸಾಕಾ, ನೋಡು."

ಅವನು ಪಾನಾ ಹಾಕಿ ಎಳೆದ. ಕುತ್ತಿಗೆಯ ನರಗಳು ಉಬ್ಬಿದವು. "ಕಲ್ಲು, ಅತ್ತಿಗೆ. ಆನೆ ಬಂದ್ರೂ ಅಲ್ಲಾಡಲ್ಲ."

"ಸರಿ. ಈಗ ಈ ಸಂದಿನ ಮೇಲೆ ಬೆರಳಿಡು" ಎಂದು ಎಂಜಿನ್ ಚಾಲು ಮಾಡಿ ಎಸಿ ಹಾಕಿದಳು.

ಗರಗರ ಶುರುವಾಯಿತು. ಮೈದುನನ ಬೆರಳು ಸಂದಿನ ಮೇಲಿತ್ತು. ಅವನ ಮುಖದ ಬಣ್ಣ ಇಳಿಯುವುದನ್ನು ಕಿವಿಯಕ್ಕ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆ ನೋಟಕ್ಕಾಗಿ ಅವಳು ಇಷ್ಟು ಕಾಲ ಕಾದಿದ್ದಳು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಎಂಜಿನ್ ನಿಲ್ಲಿಸಿ, ಅವನ ಕೈಯಿಂದಲೇ ಬೋಲ್ಟು ಬಿಚ್ಚಿಸಿ, ಸರಿಯಾದ ಬೋಲ್ಟಿನ ಪಕ್ಕ ಅದನ್ನಿಟ್ಟು ಡ್ರೈವಿಂಗ್ ಸ್ಕೂಲಿನವರ ಮೂಗಿನ ಕೆಳಗೆ ಹಿಡಿದಳು. ತಳಕ್ಕೆ ಗುದ್ದುವ ಬೋಲ್ಟಿನ ವಿಷಯವನ್ನು ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು.

ಡ್ರೈವಿಂಗ್ ಸ್ಕೂಲಿನವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿಯಿಂದ ಎದ್ದರು. "ಅಂದ್ರೆ ನನ್ನ ಗಾಡೀಲೂ ಇದೇನಾ?"

"ನಾನು ರಟ್ಟಿಗೆ ಚುಚ್ಚಿಟ್ಟ ಬೋಲ್ಟನ್ನೇ ಹಾಕಿದ್ದೆ ಸಾರ್. ಅದು ಹೇಗೆ ಬದಲಾಯ್ತು ಅಂತ ಇವನೇ ಹೇಳ್ಲಿ" ಎಂದು ಅವಳು ಮೈದುನನ ಕಡೆ ತಿರುಗಿದಳು. "ಹೇಳು. ಅವತ್ತು ನಾನು ಒಳಗೆ ಹೋದ ಮೇಲೆ ಏನು ಮಾಡ್ದೆ?"

ಅವನು ಪಾನಾ ಕೆಳಗಿಟ್ಟು ಕೈ ಒರೆಸಿಕೊಳ್ಳತೊಡಗಿದ. ಅವಳು ಬಿಡಲಿಲ್ಲ. "ಹೆಂಗಸರ ಕೈ ಅಂದ್ಯಲ್ಲ, ಗಂಡಸರ ಬಾಯಿ ತೆಗಿ ನೋಡೋಣ."

"ಬೆಲ್ಟು ಸರಿಯಾಗಿ ಕೂರ್ಲಿಲ್ಲ" ಎಂದ ಅವನು ಕೊನೆಗೆ. "ಕಂಪ್ರೆಸರ್ ಎಲ್ಲಾ ಬಿಚ್ಚಿ, ಡಬ್ಬದ ಬೋಲ್ಟು ಹಾಕಿ ಮತ್ತೆ ನಾನೇ ಕೂರಿಸ್ದೆ. ನಿಮ್ಮದು ಒಂದು ಬೋಲ್ಟೂ ಅದರಲ್ಲಿ ಇರ್ಲಿಲ್ಲ. ಉದ್ದ ಗಿಡ್ಡ ನಂಗೇನು ಗೊತ್ತಿತ್ತು?"

ಕಿವಿಯಕ್ಕ ನಕ್ಕಳು. ಒಂಥರಾ ಕೆಟ್ಟ ನಗು ಅದು. ತನ್ನ ಕೈ ತನಗೆ ವಾಪಸು ಬಂದಿತ್ತು. "ಸಾರ್, ನಾಳೆಯಿಂದ ಕ್ಲಚ್ಚಿಗೆ ಮೊದಲು ಇದನ್ನ ಹೇಳಿ. ಇವನ ಹೆಸರು ಬಿಡಬೇಡಿ. ಬೋರ್ಡು ಯಾವ ಬೀದೀಲಿದೆ ಅಂತಾನೂ ಹೇಳಿ."

"ಬಿಡ್ತೀನಾ!" ಎಂದರು ಅವರು. ಅವರ ನಾಲಿಗೆ ಆಗಲೇ ತುರಿಸುತ್ತಿತ್ತು.

ಮೈದುನನಿಗೆ ಅದನ್ನು ಸಹಿಸಲಾಗಲಿಲ್ಲ. ಮೂಲೆಗೆ ಸಿಕ್ಕಿಬಿದ್ದವನು ಕೈಗೆ ಸಿಕ್ಕಿದವರನ್ನು ಮುಂದಕ್ಕೆ ತಳ್ಳಿದ. "ನನ್ನೊಬ್ಬನ್ನೇ ಯಾಕೆ ಹರಾಜು ಹಾಕ್ತೀರಿ ಅತ್ತಿಗೆ? ಅವತ್ತು ಸಂಜೆನೇ ಅಮ್ಮನ ಹತ್ರ ಎಲ್ಲಾ ಹೇಳಿದ್ದೆ. ಬಿಚ್ಚಿ ಹಾಕಿದ್ದು ನಾನು ಅಂತ. ಸುಮ್ನಿರು ಅಂದಿದ್ದು ಅಮ್ಮನೇ. ಕೇಳಿ ಬೇಕಾದ್ರೆ!"

ಚಿಂದಿ ಹರಿಯುವ ಸದ್ದು ನಿಂತಿತು.

"ಅತ್ತೆ?" ಎಂದಳು ಕಿವಿಯಕ್ಕ.

ಅತ್ತೆ ಮಡಿಲಿನ ಬಟ್ಟೆಯನ್ನು ನೋಡುತ್ತಲೇ ಹೇಳಿದರು. "ಒಬ್ಬ ಮಗ ಮಣ್ಣಾಗಿದ್ದ ಕಣಮ್ಮ. ಇವನದೂ ಹೆಸರು ಕೆಟ್ಟರೆ ಮನೆ ಮುಳುಗತ್ತೆ ಅನ್ನಿಸ್ತು. ನೀನು ಗಟ್ಟಿಗಿತ್ತಿ, ತಡ್ಕೋತೀಯ ಅಂದ್ಕೊಂಡೆ. ಅದಕ್ಕೇ ತಾನೇ ನಿನ್ನ ಜೊತೆ ಬಂದೆ, ಒಬ್ಳೇ ಆಗ್ಬಾರ್ದು ಅಂತ."

ಇಷ್ಟು ಕಾಲ ಅವರೆದುರಿಗೇ ಕೂತು, ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಾ, "ಅತ್ತೆ, ನಿಜವಾಗ್ಲೂ ನನ್ನಿಂದ್ಲೇ ಆಯ್ತಾ?" ಎಂದು ಎಷ್ಟು ಸಲ ಕೇಳಿದ್ದಳು. "ಬಿಡು ಕಣಮ್ಮ, ಆಗಿದ್ದು ಆಯ್ತು" ಎನ್ನುತ್ತಿದ್ದರು ಅತ್ತೆ, ಅವಳು ಕೊಟ್ಟ ಲೋಟವನ್ನು ತುಟಿಗಿಡುತ್ತಾ. ಮೈದುನನ ಮೇಲಿದ್ದ ಸಿಟ್ಟು ಅವಳಿಗೆ ಈಗ ಬಹಳ ಸಣ್ಣದಾಗಿ ಕಂಡಿತು.

ಅವಳು ಬಾನೆಟ್ಟಿಗೆ ಬಾಗಿದಳು. ಉದ್ದದ ಬೋಲ್ಟುಗಳನ್ನೆಲ್ಲ ತೆಗೆದು ಸರಿಯಾದವನ್ನು ಹಾಕಿ ಬಿಗಿದಳು. ಎರಡನೇ ಸಲ ಪಾನಾ ಹಾಕಿ ನೋಡಲಿಲ್ಲ. ಎಂಜಿನ್ ಚಾಲು ಮಾಡಿ ಎಸಿ ಹಾಕಿದಳು. ಆಮೇಲೆ ಒಳಗೆ ಹೋಗಿ ಅತ್ತೆಯ ಸೀರೆಗಳನ್ನೂ ಮಾತ್ರೆಗಳನ್ನೂ ಒಂದು ಬ್ಯಾಗಿಗೆ ತುಂಬಿ ತಂದು ಕಾರಿನ ಹಿಂದಿನ ಬಾಗಿಲು ತೆಗೆದಳು.

"ಕೂತ್ಕೊಳ್ಳಿ ಅತ್ತೆ. ಒಳಗೆ ತಣ್ಣಗಿದೆ, ಸೆಕೆ ಆಗಲ್ಲ. ನಿಮ್ಮ ಮಗನ ಮನೆಗೆ ಹೋಗಿ."

"ಈ ವಯಸ್ಸಲ್ಲಿ ನನ್ನ ಕಳಿಸ್ತೀಯೇನಮ್ಮ?"

"ಗಟ್ಟಿಗಿತ್ತಿ ಅಂದ್ರಲ್ಲ. ಕಳಿಸ್ತೀನಿ."

ಡ್ರೈವಿಂಗ್ ಸ್ಕೂಲಿನವರು ಕುರ್ಚಿ ಸರಿಸಿ ಕಾರಿಗೆ ದಾರಿ ಬಿಟ್ಟರು. ಮೈದುನ ಸ್ಟಿಯರಿಂಗ್ ಹಿಡಿದು ಕೂತ. ಅತ್ತೆ ಹಿಂದಿನ ಗಾಜಿಗೆ ಅಂಗೈ ಒತ್ತಿದ್ದು ಕಂಡಿತು. ಕಾರು ರೈಲ್ವೆ ಗೋಡೆಯನ್ನು ಬಳಸಿ ತಿರುಗಿ ಮರೆಯಾಯಿತು. ಕಿವಿಯಕ್ಕ ಅಲ್ಲೇ ನಿಂತು ಕಿವಿಗೊಟ್ಟಳು. ಮೂಲೆಯಲ್ಲಿ ಒಂದು ಕ್ಷಣ ಕಾರು ತಡೆಯಿತೋ, ವಾಪಸು ತಿರುಗಿತೋ, ನೇರ ಹೊರಟೇ ಹೋಯಿತೋ ಎಂದು ಕೇಳಿಸಿಕೊಳ್ಳಲು ನೋಡಿದಳು. ಏನೂ ಕೇಳಿಸಲಿಲ್ಲ. ಅಷ್ಟು ಚೆನ್ನಾಗಿ ಸರಿಮಾಡಿದ್ದಳು.