ಕೇಳದೆ ಹೊಕ್ಕ ಮನೆ

೧೯೯೬ರ ಮೇ ತಿಂಗಳು. ಆಗ ನಾವು ಬೈಲಹೊಂಗಲದಲ್ಲಿದ್ದೆವು. ನಮ್ಮ ಮನೆಯವರು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತರು, ನಾನು ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೆ. ಮಕ್ಕಳಿಗೆ ಬೇಸಿಗೆ ಸೂಟಿ ಬಿತ್ತೆಂದರೆ ನನಗೆ ತಲೆಬೇನೆ ಶುರು. ಓಣಿಯ ಅನುಕೂಲಸ್ಥರು ಗೋವಾ, ಮೈಸೂರು ಎಂದು ಹೋಗುತ್ತಿದ್ದರು. ನಮ್ಮದೇನಿದ್ದರೂ ಮುಂಜಾನೆ ಬುತ್ತಿ ಕಟ್ಟಿಕೊಂಡು ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಸವಾರಿ. ಒಂದು ವರ್ಷ ಕಿತ್ತೂರು ಕೋಟೆಗೆ ಹೋಗಿ ಗಿಡದ ನೆರಳಿನಲ್ಲಿ ರೊಟ್ಟಿ ತಿಂದು ಬಂದೆವು. ಇನ್ನೊಂದು ವರ್ಷ ಸೊಗಲಕ್ಕೆ ಹೋದರೆ, ಬಿಸಿಲಿಗೆ ಅಲ್ಲಿಯ ನೀರಿನ ಧಾರೆ ಕಿರುಬೆರಳಿನಷ್ಟಾಗಿತ್ತು. "ಇದಕ್ಕಿಂತ ನಮ್ಮನಿ ನಳಾ ಛಲೋ" ಎಂದಳು ಮಗಳು ಶೋಭಾ. ಆಗವಳು ನಾಲ್ಕನೆಯ ತರಗತಿ. ಈ ಸಲ ಡ್ಯಾಮ್ ನೋಡಲೇಬೇಕು ಎಂದು ಹಟ ಹಿಡಿದು ಕೂತಳು.

ಆಗಲಿ, ನವಿಲುತೀರ್ಥಕ್ಕೆ ಹೋಗೋಣ ಎಂದು ಗೊತ್ತಾಯಿತು. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆಯವರು, ಮೈದುನ ಬಸವರಾಜ. ಬಸವರಾಜನಿಗೆ ಕಿತ್ತೂರಿನ ಕಡೆ ಹುಡುಗಿ ಗೊತ್ತಾಗಿತ್ತು, ದೀಪಾವಳಿ ಕಳೆದ ಮೇಲೆ ಮದುವೆ. ಹಿಂದಿನ ದಿನ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆಯವರು ಬಂದು ಪಕ್ಕದಲ್ಲಿ ಕೂತು ಮಾತು ತೆಗೆದರು.

"ಮುನವಳ್ಳಿ ಮ್ಯಾಲೆ ಹಾದು ಹೋಗೂದೈತಿ. ನಮ್ಮ ಕಾಕಾನ ಮಗ ಸಿದ್ದಪ್ಪನ ಮನಿಗಿ ಹೋಗದ ಹಂಗ ದಾಟಿದ್ರ ಮಂದಿ ಏನಂದಾರು? ಒಂದ್ ವಾಟಗಾ ನೀರ ಕುಡದು ಹೋಗೂಣು."

ನಮ್ಮ ಕಡೆ ಒಂದು ವಾಟಗ ನೀರು ಎನ್ನುವುದು ನೀರಿನಿಂದ ಶುರುವಾಗಿ ಊಟದಲ್ಲಿ ಮುಗಿಯುವಂಥದ್ದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯವರಿಗೆ ಅಂದೇಬಿಟ್ಟೆ, "ಏನ್ರಿ, ನಾವು ಡ್ಯಾಮ್ ನೋಡಾಕ ಹೊಂಟೇವೋ, ಬಳಗದವರ ಮನಿ ತಿರಗಾಕ ಹೊಂಟೇವೋ?" ಅವರು ಎಂದಿನಂತೆ ನಡುವೆ ಸಿಕ್ಕಿಕೊಂಡು, "ಹೋಗ್ಲಿ ಬಿಡ, ಐದ ಮಿನಿಟಿಂದು" ಎಂದರು.

ಮುನವಳ್ಳಿಯಲ್ಲಿ ಬಸ್ಸಿಳಿದಾಗ ಒಂಬತ್ತೂವರೆ ಆಗಿದ್ದಿರಬೇಕು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅತ್ತೆಯವರು ಸೆರಗು ಬಿಗಿದುಕೊಂಡು ಮುಂದೆ, ನಾವು ಹಿಂದೆ. ಅವರು ಆ ಮನೆಗೆ ಹೋಗಿ ಹನ್ನೆರಡು ವರ್ಷವಾಗಿತ್ತು, ಕಣ್ಣು ಬೇರೆ ಮಂಜಾಗಿದ್ದವು. ಎರಡನೆಯ ಓಣಿ, ಮನೆ ಮುಂದೆ ಕಟ್ಟೆ, ಕಟ್ಟೆಗೆ ಅಂಟಿಕೊಂಡು ಬೇವಿನ ಗಿಡ, ಇದು ಅವರ ಗುರುತು. ಆ ಊರಲ್ಲಿ ಕಟ್ಟೆ ಇಲ್ಲದ, ಬೇವಿನ ಗಿಡ ಇಲ್ಲದ ಓಣಿ ಯಾವುದಿತ್ತೋ ನನಗೆ ಕಾಣಲಿಲ್ಲ. "ಯಾರನ್ನರ ಕೇಳೂಣ್ರಿ ಅತ್ತಿ" ಎಂದೆ.

"ನನ್ನ ತಮ್ಮನ ಮನಿ ನಾ ಮಂದಿನ್ನ ಕೇಳಬೇಕೇನ? ನಗತಾರ!" ಎಂದು ಗದರಿ, ಒಂದು ಮನೆಯ ಕಟ್ಟೆ ಹತ್ತಿಯೇಬಿಟ್ಟರು.

ಒಳಗಿನಿಂದ ಒಬ್ಬ ಹೆಂಗಸು ನೀರಿನ ತಂಬಿಗೆ ಹಿಡಿದು ಓಡಿ ಬಂದಳು. "ಬರ್ರಿ, ಬರ್ರಿ! ನಿಮ್ಮ ದಾರಿನ ನೋಡಾಕ ಹತ್ತಿದ್ವಿ. ಕಾಲ ತೊಳಕೋರಿ." ಅತ್ತೆಯವರು ತಿರುಗಿ ನನ್ನ ಮುಖ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ನೋಡಿದಿಯಾ, ಎನ್ನುವ ಗತ್ತು. ಬರುವ ಸುದ್ದಿಯನ್ನು ಯಾರ ಕೈಯಲ್ಲೋ ಹೇಳಿ ಕಳಿಸಿದ್ದಾರೆ ಎಂದುಕೊಂಡು ನಾನು ಸುಮ್ಮನಾದೆ.

ಒಂದು ಮಾತು ಹೇಳಬೇಕು. ಮನೆ ಬಾಗಿಲಿಗೆ ಬಂದವರನ್ನು ನೀವು ಯಾರು ಎಂದು ಕೇಳುವುದು ನಮ್ಮ ಕಡೆ ಬೈದ ಹಾಗೆ. ಕಾಲಿಗೆ ನೀರು, ಬೆಲ್ಲ, ಚಹಾ ಎಲ್ಲ ಆದಮೇಲೆ ಸಾವಕಾಶ ವಿಚಾರಿಸಬೇಕು. ಬಂದವರೂ ಅಷ್ಟೆ, ಇದು ಇಂಥವರ ಮನೆಯೇನು ಎಂದು ಕೇಳುವುದಿಲ್ಲ, ಕೇಳಿದರೆ ದೂರ ಮಾಡಿದಂತೆ. ಹೀಗಾಗಿ ಆವತ್ತು ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಜಮಖಾನೆ ಹಾಸಿದರು. ಮನೆ ಸಾರಿಸಿ, ಒಪ್ಪ ಮಾಡಿ ಇಟ್ಟಿದ್ದರು. "ಯಜಮಾನ್ರು ಪ್ಯಾಟಿಗಿ ಹೋಗ್ಯಾರ್ರಿ, ಇನ್ನೇನ ಬರ್ತಾರ" ಎಂದಳು ಆಕೆ. ಸಿದ್ದಪ್ಪನ ಹೆಂಡತಿಯೇ ಇರಬೇಕು ಎಂದುಕೊಂಡೆವು. ಹನ್ನೆರಡು ವರ್ಷದ ಹಿಂದೆ ನೋಡಿದ ಮುಖ, ಅತ್ತೆಯವರ ಮಂಜುಗಣ್ಣಿಗೆ ಗುರುತು ಹತ್ತುವಂತಿರಲಿಲ್ಲ. ಉಪ್ಪಿಟ್ಟು ಬಂತು, ಶೇವು ಬಂತು. ಆಮೇಲೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಹೊಸ ಸೀರೆ ಉಟ್ಟು, ತಲೆ ತಗ್ಗಿಸಿಕೊಂಡು ಚಹಾದ ತಾಟು ಹಿಡಿದು ಬಂದಳು. ಎಲ್ಲರಿಗೂ ಕೊಟ್ಟು, ಅತ್ತೆಯವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಈಗಿನ ಕಾಲದಲ್ಲಿ ಇಂಥ ಮಕ್ಕಳೂ ಇದ್ದಾರಲ್ಲ ಎಂದು ನನಗೂ ಖುಷಿಯಾಯಿತು.

ಅತ್ತೆಯವರಿಗಂತೂ ಹಿಡಿಸಲಾರದಷ್ಟು ಸಂಭ್ರಮ. "ಎಷ್ಟ ದೊಡ್ಡಾಕಿ ಆಗೀಯಲ್ಲ ನನ್ನವ್ವಾ! ಹೆಸರೇನ ಮರತೇನಿ ನೋಡ."

"ಗಿರಿಜಾ ರೀ."

"ಬಾ, ಇಲ್ಲಿ ಕುಂದರ." ಪಕ್ಕದಲ್ಲಿ ಕೂರಿಸಿಕೊಂಡು, ಮುಖ ಸವರಿ ನೆಟಿಕೆ ಮುರಿದರು. ಕೈಚೀಲದಿಂದ ಕುಂಕುಮದ ಭರಣಿ ತೆಗೆದು ಹಣೆಗೆ ಹಚ್ಚಿದರು. ತಮ್ಮನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ತಂದಿದ್ದ ಗುಳೇದಗುಡ್ಡದ ಖಣ, ತೆಂಗಿನಕಾಯಿ, ಅಕ್ಕಿ ಎಲ್ಲ ತೆಗೆದು ಅವಳ ಉಡಿ ತುಂಬಿದರು. ತಮ್ಮನ ಮಗಳಿಗೆ ಸೋದರತ್ತೆ ಉಡಿ ತುಂಬುವುದರಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಆ ತಾಯಿಯ ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ಇಣುಕುತ್ತಿದ್ದ ನೆರೆಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮರುಗಳಿಗೆಗೆ ಒಂದು ತಾಟಿನ ತುಂಬ ಸಕ್ಕರೆ ಬಂತು. ಆಕೆ ಮೊದಲು ಅತ್ತೆಯವರ ಬಾಯಿಗೆ, ಆಮೇಲೆ ನನ್ನ ಬಾಯಿಗೆ ಹಾಕಿದಳು, ಬಾಗಿಲಲ್ಲಿದ್ದವರ ಕೈಗೂ ಕೊಟ್ಟಳು.

"ಇನ್ನ ನಮ್ಮ ಹುಡುಗಿ ನಿಮ್ಮಾಕಿ ಆದ್ಲು ನೋಡ್ರಿ" ಎಂದಳು ನನಗೆ. ಪ್ರೀತಿಗೆ ಅಂದಳೆಂದು ನಾನೂ "ಹೌದ್ರಿ, ನಮ್ಮಾಕೀನ" ಎಂದೆ. ಬಾಯಲ್ಲಿ ಸಕ್ಕರೆ ಇತ್ತು. ಆಗ ಆಕೆ, "ಮತ್ತ ನಾವು ಕಟಕೋಳಕ್ಕ ಯಾವಾಗ ಬರೂದ್ರಿ, ಮನಿ ನೋಡಾಕ?" ಎಂದು ಕೇಳಿದಳು.

ಕಟಕೋಳ! ನಮಗೂ ಕಟಕೋಳಕ್ಕೂ ಏನು ಸಂಬಂಧ? ಮತ್ತೊಮ್ಮೆ ಸುತ್ತ ನೋಡಿದೆ. ಹೊಸ ಸೀರೆ, ಚಹಾದ ತಾಟು, ಇಣುಕುವ ಹೆಂಗಸರು. ಕನ್ಯೆ ನೋಡಲು ಬಂದವರು ಒಪ್ಪಿಗೆಯೆಂದು ಬಾಯಿಬಿಟ್ಟು ಹೇಳುವುದಿಲ್ಲ, ಹಿರಿಯ ಹೆಂಗಸು ಎದ್ದು ಉಡಿ ತುಂಬುತ್ತಾಳೆ. ನಮ್ಮ ಅತ್ತೆಯವರು ಅದನ್ನೇ ಮಾಡಿ ಕೂತಿದ್ದರು. ಅತ್ತ ಬಸವರಾಜ ಎರಡನೆಯ ಪ್ಲೇಟು ಉಪ್ಪಿಟ್ಟಿಗೆ ಕೈ ಹಾಕಿದ್ದ.

ಆ ತಾಯಿಯನ್ನು ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದೆ. ಎಂಥ ಮಾತನ್ನೂ ಪಟ್ಟನೆ ಆಡಿಬಿಡುವವಳು ನಾನು, ಆವತ್ತು ಮಾತ್ರ ಮೆಲ್ಲಗೆ ಕೇಳಿದೆ. "ಅಕ್ಕಾರ, ಇದು ಸಿದ್ದಪ್ಪನವರ ಮನಿ ಹೌದಲ್ರಿ?"

"ಯಾವ ಸಿದ್ದಪ್ಪರಿ? ನಮ್ಮ ಮನಿಯವರ ಹೆಸರು ಮಲ್ಲಪ್ಪ."

ಎಲ್ಲ ಹೇಳಿದೆ. ಬೈಲಹೊಂಗಲದವರು ನಾವು, ಡ್ಯಾಮ್ ನೋಡಲು ಹೊರಟವರು, ಮನೆ ತಪ್ಪಿ ಬಂದವರು, ನಮ್ಮ ಮೈದುನನಿಗೆ ಹುಡುಗಿ ಗೊತ್ತಾಗಿದೆ. ಆಕೆ ಗೋಡೆ ಹಿಡಿದು ಹಾಗೇ ಕುಸಿದು ಕೂತಳು. ಕಟಕೋಳದವರ ಮುಖವನ್ನು ಇವರು ನೋಡಿರಲಿಲ್ಲ. ಮುದುಕಿ ತಾಯಿ, ಅಣ್ಣ, ಅತ್ತಿಗೆ, ಮಕ್ಕಳು, ಹುಡುಗ ಬರುತ್ತಾರೆ ಎಂದಷ್ಟೇ ನಡುವಿನವರು ತಿಳಿಸಿದ್ದರಂತೆ.

"ಮೂರ ಕಡಿಯವರು ನೋಡಿ ಹೋಗ್ಯಾರ್ರಿ. ಯಾರೂ ಉಡಿ ತುಂಬಲಿಲ್ಲ. ಇವತ್ತ ಮೊದಲನೇ ಸಲ…" ಸೆರಗಿನಿಂದ ಮೂಗೊರೆಸಿಕೊಂಡು, "ಓಣಿ ತುಂಬ ಸುದ್ದಿ ಆಗಿರತೈತಿ. ಸಕ್ಕರಿ ಕೊಟ್ಟ ಕೈಲೆ ಈಗ ಏನಂತ ಹೇಳ್ಲಿ? ಹುಡುಗಿ ನೋಡಿ, ಉಡಿ ತುಂಬಿ, ಬಿಟ್ಟ ಹ್ವಾದ್ರು ಅಂತಾರ. ಮುಂದ ಯಾರ ಬರ್ತಾರ್ರಿ ನಮ್ಮ ಮನಿಗಿ?" ಎಂದಳು.

ಭೂಮಿ ಬಾಯಿಬಿಡಬಾರದೇ ಅನಿಸಿತು. ತಿರುಗಿದರೆ ಬಾಗಿಲಲ್ಲಿ ಗಿರಿಜಾ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಕಣ್ಣು ತುಂಬಿಕೊಂಡವು. ನಾನು ಅವಳ ಕೈ ಹಿಡಿದು, "ತಪ್ಪಾತವ್ವಾ" ಎಂದೆ, ನನಗೂ ಅಳು ಬಂದಿತ್ತು. ಅವಳು ಪಡಸಾಲೆಯ ಕಡೆ ಒಮ್ಮೆ ನೋಡಿ, ಕಣ್ಣೊರೆಸಿಕೊಂಡು, "ಅದಕ್ಕ ಅವ್ರು ನನ್ನ ಕಡೆ ಒಮ್ಮಿನೂ ನೋಡಲಿಲ್ಲೇನ್ರಿ! ಉಪ್ಪಿಟ್ಟ ಅಷ್ಟ ನೋಡಿದ್ರು" ಎಂದಳು. ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಅವಳ ತಾಯಿಗೂ.

ಅಷ್ಟರಲ್ಲಿ ಮಲ್ಲಪ್ಪನವರು ಪೇಟೆಯಿಂದ ಬಂದರು. ಗಿರಿಜಾಳ ತಾಯಿ ಅವರಿಗೆ ಹೇಳಿದಳು, ನಾನು ನಮ್ಮವರಿಗೆ ಹೇಳಿದೆ. ಬಸವರಾಜ ಪ್ಲೇಟನ್ನು ಮೆಲ್ಲಗೆ ಕೆಳಗಿಟ್ಟ. ಮಲ್ಲಪ್ಪನವರು ಒಂದು ಮಾತೂ ಜೋರಾಗಿ ಆಡಲಿಲ್ಲ. ಖಣ, ಕಾಯಿ ತಂದು ಅತ್ತೆಯವರ ಮುಂದಿಟ್ಟು, "ಇದು ನಿಮ್ಮದರಿ ಅವ್ವಾ. ತಪ್ಪ ನಮ್ಮದೂ ಐತಿ, ನಾವೂ ಕೇಳಲಿಲ್ಲ" ಎಂದರು.

ಅತ್ತೆಯವರು ಅದನ್ನು ಮುಟ್ಟಲಿಲ್ಲ. "ತಮ್ಮಾ, ಸೊಸಿ ಮಾಡ್ಕೋಬೇಕಂತ ನಾ ಉಡಿ ತುಂಬಿಲ್ಲ. ತವರಮನಿ ಹುಡುಗಿ ಅಂತ ತುಂಬೇನಿ. ಹೆಣ್ಣಮಗಳ ಉಡ್ಯಾಗ ಹಾಕಿದ್ದ ಹೊಳ್ಳಿ ತಗೊಂಡ್ರ ನಾ ಎಂಥಾ ಅತ್ತಿ? ಮನಿ ತಪ್ಪಿರಬಹುದು, ಹಾಕಿದ ಕೈ ತಪ್ಪಿಲ್ಲ. ಇರ್ಲಿ ಅದು ಆಕಿಗೇ."

ಗಿರಿಜಾ ಖಣವನ್ನು ಎತ್ತಿ ಉಡಿಗೆ ಹಾಕಿಕೊಂಡಳು. ಒಳಗೆ ಹೋಗಿ ಸಕ್ಕರೆ ತಾಟಿಗೆ ಇನ್ನಷ್ಟು ಸಕ್ಕರೆ ಸುರುವಿಕೊಂಡು ಬಂದಳು. "ಹಂಗಾರ ಬರ್ರಿ ಅತ್ತಿ, ನನ್ನ ಕೂಡ" ಎಂದು ಅತ್ತೆಯವರ ಕೈ ಹಿಡಿದು ಹೊರಗೆ ನಡೆದಳು. ನಾನೂ ಹಿಂದೆ ಹೋದೆ.

ಮೊದಲ ಮನೆಯ ಬಾಗಿಲಲ್ಲೇ ನಾಲ್ಕು ಹೆಂಗಸರು ಸೇರಿದ್ದರು. ಗಿರಿಜಾ ಅವರ ಕೈಗೆ ಸಕ್ಕರೆ ಹಾಕುತ್ತ, "ನಮ್ಮ ಸ್ವಾದರತ್ತಿ ಬೈಲಹೊಂಗಲದಿಂದ ಬಂದಾಳ್ರಿ. ಭಾಳ ವರ್ಷಾದ ಮ್ಯಾಲೆ ಬಂದು ಉಡಿ ತುಂಬಿದ್ಲು. ಅದಕ್ಕ ಸಕ್ಕರಿ" ಎಂದಳು.

"ಮತ್ತ ನೋಡಾಕ ಬಂದವ್ರು ಅಂದ್ರಲ್ಲ?" ಎಂದು ಒಬ್ಬಾಕೆ ಹುಬ್ಬೇರಿಸಿದಳು.

"ನೋಡಾಕ ಬರಾವ್ರು ಇನ್ನೂ ಬಂದಿಲ್ರಿ. ಇವ್ರು ನಮ್ಮವ್ರು."

ಧ್ವನಿ ಒಂದಿಷ್ಟೂ ನಡುಗಲಿಲ್ಲ. ಅತ್ತೆಯವರೇನು ಕಡಿಮೆಯೇ? ಆ ಹುಬ್ಬೇರಿಸಿದವಳ ಗಲ್ಲ ಹಿಡಿದು, "ಯವ್ವಾ, ನಮ್ಮ ತಮ್ಮ ಪ್ಯಾಟಿಗಿ ಹೋದ್ರ ನೀನ ನೋಡ್ಕೋಬೇಕು ನಮ್ಮ ಹುಡುಗಿನ್ನ. ಆಕಿ ಬಗ್ಗೆ ಯಾರರ ಒಂದ ಮಾತ ಆಡಿದ್ರ ಬೈಲಹೊಂಗಲದಿಂದ ಬಂದು ಜಗಳಾ ತಗೀತೇನಿ!" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಎಂಟು ಹತ್ತು ಮನೆ ಹೀಗೇ ತಿರುಗಿದೆವು. ಓಣಿಯ ತುದಿ ಮುಟ್ಟುವಷ್ಟರಲ್ಲಿ ಅತ್ತೆಯವರು ಆ ಊರಿನ ಮಗಳೇ ಆಗಿಬಿಟ್ಟಿದ್ದರು.

ಊಟ ಮಾಡದೆ ಬಿಡಲಿಲ್ಲ. ಕಟಕೋಳದವರಿಗೆಂದು ಮಾಡಿದ್ದ ಹೋಳಿಗೆ ನಮ್ಮ ಎಲೆಗೂ ಬಿದ್ದವು. ಶೋಭಾ ಮಾತ್ರ ಕೈ ತೊಳೆದವಳೇ, "ಅವ್ವಾ, ಡ್ಯಾಮ್ ಇನ್ನೂ ಅಲ್ಲೇ ಐತಿಲ್ಲೋ?" ಎಂದು ಕೇಳಿದಳು. ಟೆಂಪೋ ಹಿಡಿದು ನವಿಲುತೀರ್ಥ ಮುಟ್ಟಿದಾಗ ನಾಲ್ಕು ದಾಟಿತ್ತು. ಬೇಸಿಗೆಗೆ ನೀರು ಇಳಿದಿದ್ದರೂ ನಮ್ಮ ಮಕ್ಕಳ ಕಣ್ಣಿಗೆ ಅದು ಸಮುದ್ರವೇ. ದಂಡೆಯಲ್ಲಿ ಕೂತು, ಹಸಿವಿಲ್ಲದಿದ್ದರೂ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಬಸವರಾಜ, "ವೈನಿ, ಈ ಸುದ್ದಿ ಕಿತ್ತೂರಿಗಿ ಮುಟ್ಟಿಸಬ್ಯಾಡ್ರಿ, ಕೈ ಮುಗಿತೇನಿ" ಎಂದ. ಅತ್ತೆಯವರು ಮಾತ್ರ ನೀರಿನ ಕಡೆ ನೋಡುತ್ತ, "ಕಟಕೋಳದವ್ರು ಬಂದ್ರೋ ಇಲ್ಲೋ" ಎನ್ನುತ್ತಿದ್ದರು. ಸಿದ್ದಪ್ಪ ಮಾವನ ಮನೆ ಅದೇ ಓಣಿಯ ಹಿಂದಿನ ಸಾಲಿನಲ್ಲಿತ್ತೆಂದು ಆಮೇಲೆ ಗೊತ್ತಾಯಿತು. ಊರಿಗೆ ಬಂದು ತಮ್ಮ ಮನೆಯಲ್ಲಿ ಹನಿ ನೀರೂ ಕುಡಿಯಲಿಲ್ಲವೆಂದು ಅವರು ಬಹಳ ವರ್ಷ ಮುನಿಸಿಕೊಂಡಿದ್ದರು.

ಕಟಕೋಳದವರು ಅಂದು ಸಂಜೆ ಬಂದರಂತೆ, ತಿಳಿಸುತ್ತೇವೆಂದು ಹೋದವರು ತಿಳಿಸಲಿಲ್ಲವಂತೆ. ಬಸವರಾಜನ ಮದುವೆಗೆ ಮಲ್ಲಪ್ಪನವರ ಮನೆಯವರು ಬಂದಾಗ ಇದನ್ನು ಹೇಳಿದರು. ಅತ್ತೆಯವರು ಗಿರಿಜಾಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಊಟ ಮಾಡಿದರು. ನನಗೆ ಒಳಗೊಳಗೇ ಅಳುಕು ಇದ್ದೇ ಇತ್ತು, ನಮ್ಮಿಂದ ಆ ಹುಡುಗಿಗೆ ಏನಾದರೂ ಕೆಡುಕಾಯಿತೇ ಎಂದು. ರಾತ್ರಿ ನಿದ್ದೆಯಿಂದ ಎದ್ದು ಕೂತದ್ದೂ ಉಂಟು.

ಮರುವರ್ಷ ಬೇಸಿಗೆಯಲ್ಲಿ ಅಂಚೆಯವರು ಅರಿಷಿಣ ಹಚ್ಚಿದ ಒಂದು ಲಗ್ನಪತ್ರಿಕೆ ತಂದುಕೊಟ್ಟರು. ಗಿರಿಜಾಳ ಮದುವೆ, ರಾಮದುರ್ಗದ ಹುಡುಗ. ಅತ್ತೆಯವರಿಗೆ ಓದಲು ಬರುತ್ತಿರಲಿಲ್ಲ, ನಾನು ಓದಿ ಹೇಳಿದೆ. ಕೆಳಗೆ, ನಿಮ್ಮ ಆಗಮನ ಬಯಸುವವರ ಹೆಸರುಗಳ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಹೀಗಿತ್ತು: ಶ್ರೀಮತಿ ಗಂಗವ್ವ, ಬೈಲಹೊಂಗಲ, ವಧುವಿನ ಸೋದರತ್ತೆ.

ವರ್ಷದಿಂದ ಎದೆಯಲ್ಲಿದ್ದ ಭಾರ ಇಳಿದುಹೋಯಿತು. ಇವತ್ತಿಗೂ ಆ ಹುಡುಗಿಯ ದೊಡ್ಡತನ ನೆನೆದರೆ ಮನಸ್ಸು ತುಂಬುತ್ತದೆ. ಅಷ್ಟು ಚಿಕ್ಕ ವಯಸ್ಸಿಗೆ, ತನ್ನ ಅವಮಾನ ನುಂಗಿಕೊಂಡು ನಮ್ಮ ಮಾನ ಮುಚ್ಚಿದಳಲ್ಲ! ನಾನಾಗಿದ್ದರೆ ಬಂದವರನ್ನು ಬೈದು ಕಳಿಸುತ್ತಿದ್ದೆ.

ಅತ್ತೆಯವರು ಇನ್ನೊಮ್ಮೆ ಓದಿಸಿದರು. ಮತ್ತೊಮ್ಮೆ ಓದಿಸಿದರು. "ಸ್ವಾದರತ್ತಿ ಅಂತನ ಬರದಾರ?"

"ಹೌದ್ರಿ ಅತ್ತಿ."

"ಯಾವದದು, ತೋರಸ."

ಅವರ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಇಟ್ಟೆ. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ, "ಅಚ್ಚ ಹಾಕಿಸ್ಯಾರಂದ್ರ, ಇನ್ನ ಯಾರ ಬಂದ್ರೂ ಅಳಸಾಕ ಬರಂಗಿಲ್ಲ ಬಿಡ" ಎಂದರು.