ಬಿಸಿ ಮುದ್ದೆಯ ಮರ್ಯಾದೆ

ಮದುವೆಯಾಗಿ ಯಳಂದೂರಿನ ಪಕ್ಕದ ಹಳ್ಳಿಗೆ ಬಂದ ಮೇಲೆ ನಾನು ಕಳೆದುಕೊಂಡದ್ದು ನಿದ್ದೆಯೊಂದನ್ನೇ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಯಜಮಾನರು ಕೊಳ್ಳೇಗಾಲದಿಂದ ಮಾದೇಶ್ವರನ ಬೆಟ್ಟಕ್ಕೆ ಹೊರಡುವ ಮೊದಲ ಬಸ್ಸಿನ ಕಂಡಕ್ಟರು. ಆ ಬಸ್ಸು ಹಿಡಿಯಲು ಕಂಡಕ್ಟರಿಗೆ ಮಾತ್ರ ಯಾವ ಬಸ್ಸೂ ಇರಲಿಲ್ಲ. ಕತ್ತಲಲ್ಲಿ ಹತ್ತು ಮೈಲಿ ಸೈಕಲ್ ತುಳಿದೇ ಹೋಗಬೇಕು. ಕೊಳ್ಳೇಗಾಲದಲ್ಲೇ ಒಂದು ಮನೆ ಹಿಡಿಯೋಣವೆಂದರೆ ಅತ್ತೆ ಎಮ್ಮೆ ಬಿಟ್ಟು ಬರುವವರಲ್ಲ.

ಅವರು ಕೋಳಿ ಕೂಗುವ ಮೊದಲೇ ಹೊರಡುತ್ತಿದ್ದರು. ಅಂದರೆ ನಾನು ಅದಕ್ಕೂ ಮೊದಲು ಎದ್ದು ಒಲೆ ಹಚ್ಚಿ, ಎಸರಿಟ್ಟು, ಮುದ್ದೆ ಕಟ್ಟಿ, ಉಪ್ಸಾರು ಕಾಯಿಸಿರಬೇಕು. ಹೊಸದರಲ್ಲೇ ಅತ್ತೆ ಹೇಳಿಬಿಟ್ಟಿದ್ದರು.

"ದುಡಿಯಕ್ಕೋಗೋ ಗಂಡ್ಸಿಗೆ ತಂಗಳಿಕ್ಕಿ ಕಳ್ಸದು ನಮ್ಮನೇಲಿಲ್ಲ ಕಣವ್ವ. ಬಿಸೀದೇ ಇಕ್ಕಬೇಕು."

ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಹಾಕಿ, ಈರುಳ್ಳಿ ಕಚ್ಚಿಕೊಂಡು ಕುಡಿದರೆ ಅದೇ ತಂಗಳು. ಮಕ್ಕಳು ಕುಡಿಯುತ್ತಿದ್ದರು, ಗದ್ದೆಗೆ ಹೋಗುವವರು ಕುಡಿಯುತ್ತಿದ್ದರು, ನಾನೂ ಅತ್ತೆಯೂ ಅದನ್ನೇ ಕುಡಿಯುತ್ತಿದ್ದೆವು. ಖಾಕಿ ಅಂಗಿ ತೊಟ್ಟು ಚರ್ಮದ ಚೀಲ ನೇತುಹಾಕಿಕೊಂಡು ಹೋಗುವ ಮಗನಿಗೆ ಮಾತ್ರ ಅದು ಮರ್ಯಾದೆಯಲ್ಲ. ಆ ಮರ್ಯಾದೆಯನ್ನು ದಿನಾ ಕತ್ತಲಲ್ಲಿ ಎದ್ದು ಬೇಯಿಸಬೇಕಾದವಳು ನಾನು.

ಅವರು ತಟ್ಟೆಯ ಮುಂದೆ ಕೂತು, ಮುದ್ದೆ ಮುರಿದು, ಅರ್ಧ ನುಂಗಿ ಎದ್ದುಬಿಡುತ್ತಿದ್ದರು.

"ಯಾಕೆ, ಸಂದಾಗಿಲ್ವಾ?"

"ಸಂದಾಗದೆ."

ಇಷ್ಟೇ ಮಾತು. ಆಮೇಲೆ ಸೈಕಲ್ಲಿನ ಸಡಿಲ ಚೈನ್ ಕವರು ಲಟಲಟ ಎನ್ನುತ್ತಾ ಅಂಗಳ ದಾಟಿ ಬೀದಿಗೆ ಇಳಿಯುತ್ತಿತ್ತು. ಹತ್ತು ಮೈಲಿ ತುಳಿಯುವ ಗಂಡಸು ಅರ್ಧ ಮುದ್ದೆ ಬಿಟ್ಟು ಹೋದರೆ ಹೆಂಡತಿ ಏನೆಂದುಕೊಳ್ಳಬೇಕು? ನನ್ನ ಕೈರುಚಿ ಒಗ್ಗಲಿಲ್ಲ ಎಂದುಕೊಂಡೆ. ಉಪ್ಸಾರು ಬಿಟ್ಟು ಅವರೆಕಾಳಿನ ಸಾರು ಮಾಡಿದೆ. ಹುಚ್ಚೆಳ್ಳು ಹುರಿದು ಚಟ್ನಿ ಅರೆದೆ. ಮುದ್ದೆಯೇ ಬೇಡವೇನೋ ಎಂದು ರೊಟ್ಟಿ ತಟ್ಟಿದೆ. ರುಚಿ ಹೆಚ್ಚಿಸಲು ಹೋದಷ್ಟೂ ನಾನು ಏಳುವ ಹೊತ್ತು ಹಿಂದಕ್ಕೆ ಹೋಯಿತು. ತಟ್ಟೆಯಲ್ಲಿ ಮಾತ್ರ ಅರ್ಧ ಉಳಿಯುತ್ತಲೇ ಇತ್ತು.

ಮೊದಲ ಮಗು ನಾನು ತವರಿಗೆ ಹೋಗುವ ಮೊದಲೇ ಇಲ್ಲೇ ಹುಟ್ಟಿತು. ಆಮೇಲಂತೂ ರಾತ್ರಿಯೆಲ್ಲ ಅದಕ್ಕೆ ಹಾಲೂಡಿಸುವುದು, ಅದು ಕಣ್ಣು ಮುಚ್ಚಿತು ಅನ್ನುವಾಗ ಒಲೆಯ ಹೊತ್ತು. ಒಂದು ದಿನ ಕೂತಲ್ಲೇ ತೂಕಡಿಸಿ, ಕೊಳ್ಳಿ ಜಾರಿ ನನ್ನ ಸೆರಗಿಗೆ ಬೆಂಕಿ ಹತ್ತಿತು. ಯಜಮಾನರು ಓಡಿಬಂದು ಚೊಂಬಿನ ನೀರು ಸುರಿದರು. ಅತ್ತೆ ಬಾಗಿಲಲ್ಲಿ ನಿಂತು, "ನಿಗಾ ಇಲ್ವಲ್ಲವ್ವ ನಿಂಗೆ" ಎಂದರು. ಯಜಮಾನರು ಏನೋ ಹೇಳಲು ಬಾಯಿ ತೆರೆದವರು, ತಾಯಿಯ ಕಡೆ ನೋಡಿ ತಟ್ಟೆಯ ಮುಂದೆ ಕೂತು, ಆ ದಿನ ಮುದ್ದೆಯನ್ನು ಪೂರ್ತಿ ತಿಂದು ಹೋದರು. ಮಾರನೆಯ ದಿನ ಮತ್ತೆ ಬಿಸಿ ಮುದ್ದೆ, ಮತ್ತೆ ಅರ್ಧ.

ಎರಡನೆಯ ಬಾಣಂತನಕ್ಕೆ ತವರಿಗೆ, ಕೌದಳ್ಳಿಗೆ ಹೋದೆ. ಹನೂರು ದಾಟಿ ಬೆಟ್ಟಕ್ಕೆ ಹೋಗುವ ರಸ್ತೆಗೇ ನಮ್ಮ ಮನೆ. ಯಜಮಾನರ ಬಸ್ಸು ಅಲ್ಲಿ ಟೀ ಕುಡಿಯಲು ದಿನಾ ನಿಲ್ಲುತ್ತಿತ್ತು. ಹೋದ ಮಾರನೆಯ ಬೆಳಿಗ್ಗೆ ಹಾರ್ನ್ ಕೇಳಿದ್ದೇ ನಮ್ಮವ್ವ ಮೂಲೆಯ ಗಡಿಗೆಯಿಂದ ದೊಡ್ಡ ಚೊಂಬು ತುಂಬಿಕೊಂಡು ಬಾಗಿಲಿಗೆ ಓಡಿದಳು.

"ಎಲ್ಲಿಗವ್ವ?"

"ಅಳಿಯಂದ್ರಿಗೆ ತಂಗಳು ಕೊಟ್ಬತ್ತೀನಿ" ಎಂದವಳು ಅಲ್ಲೇ ನಾಲಗೆ ಕಚ್ಚಿಕೊಂಡಳು.

"ಯಾವ ಅಳಿಯ?"

ಅವ್ವನಿಗೆ ಇದ್ದದ್ದು ಒಬ್ಬರೇ ಅಳಿಯ.

"ನಾನೇನ್ ಮಾಡ್ಲಿ ಮಗ, ಅವ್ರೇ ಕೇಳುದ್ರು. ಕತ್ಲಲ್ಲಿ ಬಿಸಿ ಮುದ್ದೆ ಉಂಡು ಸೈಕಲ್ ತುಳುದ್ರೆ ಒಟ್ಟೆ ಕಲ್ಲಾಯ್ತದಂತೆ. ದಾರೀಲಿ ಇಳ್ದು ತಳ್ಕಂಡು ಓಯ್ತಾರಂತೆ. ನಿಂಗೆ ಯೋಳ್ಬ್ಯಾಡಿ ಅಂತ ಆಣೆ ಇಕ್ಕಿಸ್ಕಂಡವ್ರೆ."

ತುಂಬಿದ ಬಸುರಿ ನಾನು. ಆ ಚೊಂಬು ಕಿತ್ತುಕೊಂಡು ಹೊರಗೆ ಹೋದೆ. ಅವರು ಸೂರಿನ ಕೆಳಗೆ ನಿಂತಿದ್ದರು. ನನ್ನನ್ನೂ ಚೊಂಬನ್ನೂ ನೋಡಿ, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನ ಹಾಗೆ ಮುಖ ಮಾಡಿದರು.

"ಎಷ್ಟು ದಿವ್ಸದಿಂದ?"

"ಮೊದ್ಲಿಂದ."

"ನಂಗೊಂದು ಮಾತು ಯೋಳಕ್ಕೇನಾಗಿತ್ತು?"

"ನೀನು ಆಗ್ಲೇ ಎದ್ದು ಒಲೆ ಮುಂದೆ ಕೂತಿರ್ತಿದ್ದೆ. ಬ್ಯಾಡ ಅಂದ್ರೆ ನೀ ಎದ್ದಿದ್ದೆಲ್ಲ ದಂಡ ಆಯ್ತಿತ್ತಲ್ಲ."

ಈ ಮಾತಿಗೆ ಬೇರೆ ಯಾರಾದರೂ ಆಗಿದ್ದರೆ ಕರಗುತ್ತಿದ್ದರೇನೋ. ನನಗೆ ಮೈಯೆಲ್ಲ ಉರಿಯಿತು. ನಾನು ನೊಂದುಕೊಳ್ಳಬಾರದೆಂದು ಅವರು ಅರ್ಧ ಮುದ್ದೆ ನುಂಗಿದರಂತೆ. ಅವರು ಅರ್ಧ ಬಿಟ್ಟರೆಂದು ನಾನು ಇನ್ನಷ್ಟು ಬೇಗ ಎದ್ದೆ. ಒಂದೇ ಒಂದು ರಾತ್ರಿ "ನಾಳೆ ಏಳಬೇಡ, ಮಲಗು" ಎಂದಿದ್ದರೆ ಇಬ್ಬರೂ ಬದುಕಿಕೊಳ್ಳುತ್ತಿದ್ದೆವು. ಅಷ್ಟನ್ನು ಹೇಳಲು ಅವರಿಗೆ ನನ್ನ ದಾಕ್ಷಿಣ್ಯ, ಅವರ ತಾಯಿಯ ಭಯ.

ಡ್ರೈವರು ಹಾರ್ನ್ ಒತ್ತಿದ. ಅವರು ಚೊಂಬು ಎತ್ತಿ, ನಿಂತಲ್ಲೇ, ಗಟಗಟ ಕುಡಿದು, ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ತಿಂದರು. ಅವರು ಹಸಿದು ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆತ್ತ ತಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ವಾಪಸು ಬಂದ ರಾತ್ರಿ, ಉಳಿದ ಮುದ್ದೆಯನ್ನು ಗಡಿಗೆಗೆ ಹಾಕಿ ಮಜ್ಜಿಗೆ ಹುಯ್ದು ಮುಚ್ಚಿಟ್ಟೆ.

"ನಾಳಿಂದ ಅವ್ರಿಗೆ ತಂಗಳು ಅತ್ತೆ. ನಾನು ಏಳಕಿಲ್ಲ."

"ಊರ್ನೋರು ಏನಂದಾರು?"

"ಅಂದ್ಕಳ್ಳಿ. ಊರ್ನೋರು ಬಂದು ಒಲೆ ಹಚ್ಚಾರಾ?"

ಅತ್ತೆ ಮಗನ ಕಡೆ ನೋಡಿದರು. ಅವರು ಸೈಕಲ್ಲಿನ ಡೈನಮೋ ಒರೆಸುತ್ತಾ, ತಲೆ ಎತ್ತದೆ, "ತಂಗ್ಳೇ ಇರ್ಲವ್ವ" ಎಂದರು. ಅಷ್ಟು ಹೇಳಲು ಅವರ ಕಿವಿಯೆಲ್ಲ ಕೆಂಪಾಗಿತ್ತು.

ಮಾರನೆಯ ದಿನ ಕಣ್ಣು ಬಿಟ್ಟಾಗ ಹೆಂಚಿನ ಸಂದಿಯಿಂದ ಬಿಸಿಲು ಬಿದ್ದಿತ್ತು. ಸೈಕಲ್ ಹೋದ ಸದ್ದೇ ನನಗೆ ಕೇಳಿರಲಿಲ್ಲ. ಎದ್ದು ಓಡಿದೆ. ಗಡಿಗೆ ತೊಳೆದು ಬೋರಲು ಹಾಕಿತ್ತು. ಅಂಗಳದಲ್ಲಿ ಅತ್ತೆ ಎಮ್ಮೆಗೆ ಹುಲ್ಲು ಹಾಕುತ್ತಾ ಮುಖ ಊದಿಸಿಕೊಂಡಿದ್ದರು.

"ಓದ. ಗಡಿಗೆ ಖಾಲಿ ಮಾಡ್ಕಂಡು ಓದ. ಸೈಕಲ್ ಲಟಲಟ ಅಂತದೆ, ಅವ್ಳು ಎದ್ದಾಳು ಅಂತ ಎಗಲ್ ಮೇಲೆ ಒತ್ಕಂಡು ಬೀದಿಗಂಟ ಓದ. ಸೈಕಲ್ಲು ಇವನ್ನ ಒರ್ಬೇಕೋ, ಇವ್ನು ಸೈಕಲ್ಲ ಒರ್ಬೇಕೋ?"

ಕೂಸು ಇನ್ನೂ ಮಲಗಿತ್ತು. ಒಳಗೆ ಹೋಗಿ ಅದರ ಮಗ್ಗುಲಲ್ಲಿ ಸೆರಗು ಹೊದ್ದು ಮತ್ತೆ ಮಲಗಿಬಿಟ್ಟೆ.