ಸಿಪ್ಪೆ ಹಾಕುವ ಹೊತ್ತು

ಬಂಗುಡೆಯನ್ನು ಕೆಂಡದ ಮೇಲೆ ಬೇಯಿಸಿ ಹೊಗೆ ಹಿಡಿಸುವುದರಲ್ಲಿ ನನ್ನ ಅಮ್ಮನನ್ನು ಮೀರಿಸಿದವರು ಇನ್ನಂಜೆಯಲ್ಲಿ ಇರಲಿಲ್ಲ. ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷಗಳಾಗಿದ್ದರೂ ಈ ಒಂದು ಕೆಲಸಕ್ಕೆ ಅವಳು ಬಚ್ಚಲೊಲೆಗೇ ಹೋಗುತ್ತಿದ್ದಳು. ತೆಂಗಿನ ಗೆರಟೆಯ ಕೆಂಡ, ಅದರ ಮೇಲೊಂದು ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ಮೀನು, ಮೀನಿನ ಮೇಲೆ ಕವುಚಿ ಹಾಕಿದ ಹಳೆಯ ಮಣ್ಣಿನ ಮಡಕೆ. ಮಡಕೆ ಎತ್ತಿದಾಗ ಮೀನು ಹೊಂಬಣ್ಣಕ್ಕೆ ತಿರುಗಿರುತ್ತಿತ್ತು. ಒಳಗಿನ ಮಾಂಸ ಮೆತ್ತಗೆ, ತೆಂಗಿನಕಾಯಿಯ ಸಿಪ್ಪೆಯ ಹೊಗೆಯ ಒಂದು ಸಣ್ಣ ಪರಿಮಳ. ಮುಂಬೈಯಿಂದ ಬಂದ ನೆಂಟರು ಹಿಂದಿರುಗುವಾಗ ಅದನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಹೈಸ್ಕೂಲಿನಲ್ಲಿದ್ದಾಗಲೇ ನಾನು ಅದನ್ನು ಕಲಿಯಬೇಕೆಂದು ಹಟ ಹಿಡಿದಿದ್ದೆ. ಅಮ್ಮ ಬೇಡವೆನ್ನುತ್ತಿರಲಿಲ್ಲ. ಮೀನು ತೊಳೆಯಲು, ಗೆರಟೆ ಒಡೆಯಲು ನನ್ನನ್ನು ಕೂರಿಸಿಕೊಳ್ಳುತ್ತಿದ್ದಳು. ಬೆಂಕಿ ಹೊತ್ತಿದ ಮೇಲೆ ಮಾತ್ರ ಏನಾದರೊಂದು ಕೆಲಸ ಬರುತ್ತಿತ್ತು. ಒಗೆದ ಬಟ್ಟೆ ತಾ, ಬಾಳೆಲೆ ಕೊಯ್ದುಕೊಂಡು ಬಾ, ದನಕ್ಕೆ ನೀರಿಡು. ನಾನು ಓಡಿ ಹೋಗಿ ಓಡಿ ಬರುವಷ್ಟರಲ್ಲಿ ಮಡಕೆ ಮೀನಿನ ಮೇಲೆ ಕೂತಿರುತ್ತಿತ್ತು.

"ಹೇಗೆ ಮಾಡಿದ್ದು ಅಮ್ಮ?" ಎಂದರೆ, "ಇದೆಲ್ಲ ಹೇಳಿಕೊಟ್ಟು ಬರುವಂಥದ್ದಲ್ಲ ಮಗಾ, ನೋಡ್ತಾ ನೋಡ್ತಾ ಬರ್ತದೆ" ಎನ್ನುತ್ತಿದ್ದಳು.

ನನಗೆ ಅನುಮಾನವೇನೂ ಬಂದಿರಲಿಲ್ಲ. ನಮ್ಮದು ಅಳಿಯಕಟ್ಟಿನ ಕುಟುಂಬ. ಅಜ್ಜಿಯದು ಅಮ್ಮನಿಗೆ, ಅಮ್ಮನದು ಮಗಳಿಗೆ ಎಂಬ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಈ ವಿದ್ಯೆಯೂ ಒಂದು ದಿನ ನನಗೇ ಬರುತ್ತದೆ, ಅವಸರವೇನು ಎಂದುಕೊಂಡಿದ್ದೆ.

ಮದುವೆಯಾಗಿ ಕಾಪುವಿನ ಮನೆಗೆ ಹೋದ ಮೊದಲ ವರ್ಷ, ಮಾವನ ತಂಗಿಯ ಸಂಸಾರವೆಲ್ಲ ಊಟಕ್ಕೆ ಬರುವುದಿತ್ತು. ನಾನು ಅತ್ತೆಯ ಹತ್ತಿರ, "ಹೊಗೆ ಬಂಗುಡೆ ನಾನು ಮಾಡ್ತೇನೆ, ನಮ್ಮ ಅಮ್ಮನದ್ದು ಅಂದ್ರೆ ಹೆಸರುವಾಸಿ" ಎಂದು ಜಂಬದಿಂದ ಹೇಳಿಬಿಟ್ಟೆ. ಆಮೇಲೆ ಕೋಣೆಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಹೇಳಿದಳು. "ಗೆರಟೆಗೆ ಬೆಂಕಿ ಹಿಡಿದ ಕೂಡಲೇ ಒದ್ದೆ ಸಿಪ್ಪೆ ಹಾಕು. ಹೊಗೆ ದಟ್ಟವಾಗಿ ಬರ್ಬೇಕು. ಮೀನು ತೊಳೆದದ್ದನ್ನು ಹಾಗೆಯೇ ಇಟ್ಟು ಮಡಕೆ ಮುಚ್ಚು."

ನಾನು ಒಂದಕ್ಷರವೂ ತಪ್ಪದೆ ಹಾಗೆಯೇ ಮಾಡಿದೆ. ಮಡಕೆ ಎತ್ತಿದಾಗ ಮೀನಿನ ಮೈಯೆಲ್ಲ ಕಪ್ಪು, ಕೈಗೆ ಅಂಟುವ ಮಸಿ. ಒಳಗೆ ಮುಳ್ಳಿನ ಹತ್ತಿರ ಇನ್ನೂ ಹಸಿ. ಬೇರೆ ಮೀನು ತರಲು ಹೊತ್ತಿರಲಿಲ್ಲ, ಅದನ್ನೇ ಬಡಿಸಿದೆ. ಮಾವನ ತಂಗಿ ಒಂದು ಚೂರು ಬಾಯಿಗಿಟ್ಟು ಉಳಿದದ್ದನ್ನು ಎಲೆಯ ಬದಿಗೆ ಸರಿಸಿದರು. ಕಹಿ, ಡಾಂಬರಿನಂಥ ಕಹಿ. ಮಾವ ಮಾತ್ರ ತಲೆ ಬಗ್ಗಿಸಿಕೊಂಡು ಇಡೀ ಮೀನು ತಿಂದು ಮುಗಿಸಿದರು. ಅತ್ತೆ, "ಪರ್ವಾಗಿಲ್ಲ ಮಾರಾಯ್ತಿ, ನಿನ್ನ ಸಾರು ಒಳ್ಳೆದಾಗಿದೆ" ಎಂದರು. ಸಾರು ಮಾಡಿದ್ದು ಅವರೇ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅಮ್ಮ ಸಮಾಧಾನ ಮಾಡಿದಳು. "ನಿನ್ನ ಕೈ ಇನ್ನೂ ಪಳಗಿಲ್ಲ ಮಗಾ. ಅವರಿಗೆ ತಿನ್ಬೇಕು ಅಂತಿದ್ರೆ ಇಲ್ಲಿಗೆ ಕರ್ಕೊಂಡು ಬಾ, ನಾನು ಮಾಡಿ ಹಾಕ್ತೇನೆ."

ಆಮೇಲೂ ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಅದೇ ಮಸಿ, ಅದೇ ಕಹಿ. ಆ ಮನೆಯಲ್ಲಿ ಮೀನಿನ ಕೆಲಸ ಬಂದಾಗಲೆಲ್ಲ ನನ್ನನ್ನು ನಯವಾಗಿ ತರಕಾರಿಯ ಕಡೆಗೆ ಕಳಿಸುವುದು ರೂಢಿಯಾಯಿತು. ನನ್ನ ಕೈಯಲ್ಲೇ ಏನೋ ಕಮ್ಮಿ ಇದೆ ಎಂದು ನಾನೂ ಒಪ್ಪಿಕೊಂಡೆ. ಕೆಲವು ವರ್ಷಗಳ ಮೇಲೆ ಗಂಡನ ಕೆಲಸಕ್ಕಾಗಿ ಮಣಿಪಾಲದ ಫ್ಲ್ಯಾಟಿಗೆ ಬಂದೆವು. ಅಲ್ಲಿಂದ ತಿಂಗಳಿಗೆ ಎರಡು ಭಾನುವಾರ ಇನ್ನಂಜೆಗೆ ಹೋಗುವುದು, ಅಮ್ಮನ ಬಂಗುಡೆ ತಿನ್ನುವುದು. ಹನ್ನೊಂದು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಮಾವ ತೀರಿಕೊಂಡರು.

ತಮ್ಮನಿಗೆ ಕಾರ್ಕಳದಿಂದ ಹೆಣ್ಣು ತಂದಿದ್ದೆವು. ಬಂದ ಹೊಸತರಲ್ಲಿ ಅವಳಿಗೆ ಬಂಗುಡೆಯ ಕಿವಿರು ತೆಗೆಯಲೂ ಬರುತ್ತಿರಲಿಲ್ಲ, ಮೀನು ಕೈಯಿಂದ ಜಾರಿದರೆ ತಾನೇ ನಗುತ್ತಿದ್ದಳು. ಅವರ ಮಗುವಿಗೆ ಒಂದು ವರ್ಷ ತುಂಬಿದ ದಿನ ಎಲ್ಲರೂ ಸೇರಿದ್ದೆವು. ನನ್ನ ಎಲೆಗೆ ಬಂಗುಡೆ ಬಿತ್ತು. ತಿಂದು, "ಅಮ್ಮ, ಇವತ್ತು ಯಾವತ್ತಿಗಿಂತಲೂ ಒಳ್ಳೆದಾಗಿದೆ" ಎಂದೆ. ಅಮ್ಮ ಮಗುವಿನ ಬಾಯಿ ಒರೆಸತೊಡಗಿದಳು.

ತಮ್ಮ ಹೇಳಿದ, "ಅಮ್ಮ ಮಾಡಿದ್ದಲ್ಲ ಅಕ್ಕ, ಇವಳು ಮಾಡಿದ್ದು. ಅಮ್ಮ ಕಲಿಸಿದ್ದು."

ಊಟವಾದ ಮೇಲೆ ಪಾತ್ರೆ ತೊಳೆಯುತ್ತಾ ತಮ್ಮನ ಹೆಂಡತಿಯನ್ನು ಕೇಳಿದೆ, "ಎಷ್ಟು ದಿನ ಹಿಡಿಯಿತು ಕಲೀಲಿಕ್ಕೆ?"

"ನಾಲ್ಕೈದು ಸಲ ಮಾಡಿದ್ದೇನೆ ಅಷ್ಟೆ ಅಕ್ಕ. ಮರೆತುಹೋಗ್ತದೆ ಅಂತ ಅತ್ತೆ ಹೇಳುದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಬೇಕಾ ನಿಮಗೆ?" ಕೈ ಒರೆಸಿಕೊಂಡು ಅವಳೇ ಹುಡುಕಿ ಕೊಟ್ಟಳು.

ಬಾವಿಯ ಕಟ್ಟೆಯ ಮೇಲೆ ಕೂತು ಕೇಳಿದೆ. ಅಮ್ಮನ ದನಿಯೇ. ಆದರೆ ಅಂಥ ತಾಳ್ಮೆಯ ದನಿಯನ್ನು ನಾನು ಒಲೆಯ ಬಳಿ ಎಂದೂ ಕೇಳಿರಲಿಲ್ಲ. "ಮೀನಿಗೆ ಉಪ್ಪು ಹಚ್ಚಿ ನೆರಳಿನಲ್ಲಿ ಅರ್ಧ ಗಂಟೆ ಒಣಗಲಿಕ್ಕೆ ಇಡು. ಮುಟ್ಟಿದ್ರೆ ಕೈಗೆ ನೀರು ತಾಗಬಾರ್ದು. ಗೆರಟೆ ಉರಿದು ಮುಗಿದು ಮೇಲೆ ಬೂದಿ ಕಟ್ಟುವವರೆಗೆ ಕಾಯಿ. ಹೆದರ್ಬೇಡ, ನಾನಿದ್ದೇನಲ್ಲ. ಮೀನು ಬೆಂದ ಮೇಲೆ, ಕೊನೆಗೆ, ಒಂದು ಹಿಡಿ ಸಿಪ್ಪೆ. ಮೊದಲೇ ಹಾಕ್ಲಿಕ್ಕೆ ಹೋಗ್ಬೇಡ ಮಗಾ. ಹಾಕಿದ್ರೆ ಕಹಿಯಾಗಿ ಬಾಯಿಗಿಡ್ಲಿಕ್ಕೆ ಆಗುದಿಲ್ಲ."

ಆಮೇಲೆ ತಮ್ಮನ ಹೆಂಡತಿಯ ದನಿ. "ಅಕ್ಕನಿಗೂ ಹೀಗೇ ಕಲಿಸಿದ್ದಾ ಅತ್ತೆ?"

ಕೆಂಡ ಸಿಡಿಯುವ ಸದ್ದು. ಆಮೇಲೆ ಅಮ್ಮ. "ಇಲ್ಲ. ಅವಳಿಗೆ ಬಂದ್ರೆ ಮತ್ತೆ ಅವಳು ಇಲ್ಲಿಗೆ ಬರುದು ಎಂತಕ್ಕೆ? ನೀನು ಇಲ್ಲೇ ಇರುವವಳು."

ತಮ್ಮನ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಳು. "ಆ ಮಾತು ಅದರಲ್ಲಿ ಉಂಟು ಅಂತ ನನಗೆ ನೆನಪಿರ್ಲಿಲ್ಲ ಅಕ್ಕ" ಎಂದಳು. ನಾನು ಮೊಬೈಲು ಅವಳ ಕೈಗೆ ಕೊಟ್ಟು ಒಳಗೆ ಹೋದೆ.

ಅಮ್ಮ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದ್ದಳು. ಮಗು ಅವಳ ಮಗ್ಗುಲಲ್ಲಿ ನಿದ್ದೆ ಹೋಗಿತ್ತು. ನಾನು ಹತ್ತಿರ ಕೂತು ಮೆಲ್ಲಗೆ ಕೇಳಿದೆ, "ಅಮ್ಮ, ಸಿಪ್ಪೆ ಯಾವಾಗ ಹಾಕುದು?"

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಕೊನೆಗೆ" ಎಂದಳು.

"ನನಗೆ ಎಂತ ಹೇಳಿದ್ದೆ?"

"ನೆನಪುಂಟು."

"ಹೊಸ ಮನೆಯಲ್ಲಿ ಅಷ್ಟು ಜನರ ಎದುರು ನಾನು ಅದನ್ನು ಬಡಿಸಿದ್ದೇನೆ ಅಮ್ಮ."

ಅಮ್ಮ ಎದ್ದು ಕೂತಳು. ಮಗುವಿನ ಮೇಲಿನ ಬಟ್ಟೆಯನ್ನು ಸುಮ್ಮನೆ ಸರಿಪಡಿಸಿದಳು. "ಒಂದು ಸಲ ಹಾಳಾದ್ರೆ ಬಿಟ್ಟುಬಿಡ್ತಿ ಅಂತ ಎಣಿಸಿದ್ದೆ. ನೀನು ಮತ್ತೆ ಮತ್ತೆ ಮಾಡ್ತಿ ಅಂತ ನನಗೇನು ಗೊತ್ತು?"

ಅಷ್ಟೇ ಅವಳು ಹೇಳಿದ್ದು. ಅತ್ತಿದ್ದರೆ, ತಪ್ಪಾಯಿತು ಎಂದಿದ್ದರೆ ನನಗೆ ಹೇಗಾಗುತ್ತಿತ್ತೋ ತಿಳಿಯದು. ಅವಳು ಅಳಲಿಲ್ಲ. ನಾನು ಬ್ಯಾಗು ತೆಗೆದುಕೊಂಡು ಗಂಡನನ್ನು ಕರೆದು ಹೊರಟೆ.

ದಾರಿಯಲ್ಲಿ ನನ್ನಿಂದ ಎಲ್ಲ ಕೇಳಿದ ಗಂಡ, "ಪ್ರೀತಿಯಿಂದ ಮಾಡಿದ್ದಲ್ವಾ" ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು. ಪ್ರೀತಿ ಇದ್ದವಳು ಬಾ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ಬರಿಯ ಉಪ್ಪಿನಕಾಯಿ ಊಟಕ್ಕೂ ನಾನು ಹೋಗುತ್ತಿದ್ದೆ. ಮೀನಿಲ್ಲದಿದ್ದರೆ ಮಗಳು ಬರುವವಳಲ್ಲ ಎಂದು ಅವಳು ನನ್ನನ್ನು ಅಳೆದಿದ್ದಳು. ಆ ಅಳತೆಗಾಗಿ ಇಷ್ಟು ವರ್ಷ ನನ್ನ ಕೈಯನ್ನೇ ನಾನು ಬೈದುಕೊಂಡಿದ್ದೆ. ಒಳ್ಳೆಯ ಒಂದು ಮೀನನ್ನು ಮಾವನಿಗೆ ಒಮ್ಮೆಯೂ ಬಡಿಸಲಾಗಲಿಲ್ಲ ಎಂಬುದು ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು.

ಆ ಮಳೆಗಾಲ ಪೂರ್ತಿ ನಾನು ಇನ್ನಂಜೆಗೆ ಹೋಗಲಿಲ್ಲ. ಅಮ್ಮನ ಫೋನ್ ಬಂದರೆ ಎರಡು ಮಾತಾಡಿ ಇಡುತ್ತಿದ್ದೆ.

ದೋಣಿಗಳು ಮತ್ತೆ ಕಡಲಿಗಿಳಿದು ಬಂಗುಡೆ ಬರತೊಡಗಿದಾಗ, ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಬಸ್ಸಿನಲ್ಲಿ ಒಬ್ಬಳೇ ಮಣಿಪಾಲಕ್ಕೆ ಬಂದಳು. ಒಂದು ಕೈಯಲ್ಲಿ ಗೆರಟೆ, ಸಿಪ್ಪೆಯ ಚೀಲ, ಇನ್ನೊಂದರಲ್ಲಿ ಮೀನು. "ನಾನು ಕಲಿಸ್ಲಿಕ್ಕೆ ಬಂದದ್ದಲ್ಲ ಅಕ್ಕ, ನಿಮ್ಮ ಜೊತೆ ಕೂತ್ಕೊಳ್ಲಿಕ್ಕೆ" ಎಂದಳು. ಟೆರೇಸಿನಲ್ಲಿ ನಾಲ್ಕು ಇಟ್ಟಿಗೆ ಇಟ್ಟು ಬೆಂಕಿ ಮಾಡಿದೆವು. ಉಪ್ಪು ಹಚ್ಚಿದ ಮೀನು ನೆರಳಿನಲ್ಲಿ ಒಣಗಿತು. ಗೆರಟೆಯ ಉರಿ ಇಳಿದು ಬೂದಿ ಕಟ್ಟುವುದನ್ನು ಮೊದಲ ಬಾರಿಗೆ ಕಣ್ಣಾರೆ ಕಂಡೆ. ಯಾರೂ ನನ್ನನ್ನು ಬಟ್ಟೆ ತರಲು ಕಳಿಸಲಿಲ್ಲ. ಸಿಪ್ಪೆ ಹಾಕುವ ಹೊತ್ತಿಗೆ ಅವಳು ಚೀಲವನ್ನು ನನ್ನ ಕಡೆಗೆ ಸರಿಸಿದಳು.

ಮೀನು ಸರಿಯಾಗಿ ಬಂತು. ಇಷ್ಟು ಸುಲಭವಿತ್ತು ಎಂಬುದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಕೈಯಲ್ಲಿ ತಟ್ಟೆ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ.

ಆ ವಾರವೇ ಇನ್ನಂಜೆಗೆ ಹೋದೆ. ಅಮ್ಮ ಬಸಳೆಯ ಪದಾರ್ಥ ಮಾಡಿದ್ದಳು, ಬಚ್ಚಲೊಲೆ ಹೊತ್ತಿಸಿರಲಿಲ್ಲ. ಬಡಿಸುತ್ತಾ, "ಮೀನು ಹೇಗೆ ಬಂತು?" ಎಂದು ಕೇಳಿದಳು.

"ಸರಿ ಬಂತು."

"ಎಷ್ಟು ಹೊತ್ತು ಒಣಗಿಸಿದೆ?"

"ಅರ್ಧ ಗಂಟೆ."

"ಸಾಕು" ಎಂದಳು.

ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಅಮ್ಮನ ಜೊತೆ ಕೂತು ಮಾತಾಡುತ್ತೇನೆ, ಅವಳ ಕಾಲಿಗೆ ಎಣ್ಣೆ ತಿಕ್ಕುತ್ತೇನೆ. ಆದರೆ "ಡಾಕ್ಟರು ಹೀಗೆ ಹೇಳಿದರು", "ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೇನೆ" ಎಂದು ಅವಳು ಏನು ಹೇಳಿದರೂ, ಮನೆಗೆ ಬಂದ ಮೇಲೆ ತಮ್ಮನ ಹೆಂಡತಿಗೆ ಫೋನ್ ಮಾಡಿ ಹೌದಾ ಎಂದು ಕೇಳುತ್ತೇನೆ. ನಾನು ಹಾಗೆ ಕೇಳುತ್ತೇನೆಂಬುದು ಅಮ್ಮನಿಗೂ ಗೊತ್ತಿದೆ.